ಹೆಸರಿನ ಮುಂದಿನ ಊರು

ಬೆಂಗಳೂರಿನ ಬಸವನಗುಡಿಯಲ್ಲಿ ಡಿ. ವಿ. ಜಿ. ರಸ್ತೆ ಎಂಬ ಬೀದಿಯುಂಟು. ಹಿಂದೆ ಅದು ನಾಗಸಂದ್ರ ರಸ್ತೆ. ಈಗಿನ ಹೆಸರಿನ ಮೊದಲಕ್ಷರದಲ್ಲಿಯೂ ಒಂದು ಊರು ಅಡಗಿದೆಯೆಂಬುದು ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಹೊಳೆದೀತು? ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರಲ್ಲಿ ಜನಿಸಿದ್ದು ಮುಳಬಾಗಿಲಿನಲ್ಲಿ; ಬಾಳಿದ್ದು ಬೆಂಗಳೂರಿನಲ್ಲಿ. ದೇವನಹಳ್ಳಿ ಮಾತ್ರ ಹೆಸರಿನ ಮುಂದೆ ನಿಂತೇ ಇತ್ತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಮೋಕ್ಷಗುಂಡವಂತೂ ಆಂಧ್ರದೇಶದ ಗ್ರಾಮ.

ಹಳೆಯ ಮೈಸೂರು ಸೀಮೆಯಲ್ಲಿ ಹೆಸರಿನ ಮೊದಲಕ್ಷರ ಸಾಮಾನ್ಯವಾಗಿ ಹಿರಿಯರ ಊರಿನದು, ಎರಡನೆಯದು ತಂದೆಯದು. ಹೀಗಾಗಿ ಬಸವನಗುಡಿಯ ಬಾಗಿಲುಗಳ ಮೇಲಿನ ಹಳೆಯ ನಾಮಫಲಕಗಳನ್ನು ಓದುತ್ತ ಹೋದರೆ ನಾಡಿನ ಅರ್ಧ ಭೂಪಟವೇ ಕಣ್ಣಮುಂದೆ ಬರುತ್ತದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಪೇಟೆಯ ಇಕ್ಕಟ್ಟಾದ ಕೇರಿಗಳಿಗೆ ಅಂಜಿ ಜನ ಹೊರಬಿದ್ದರು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭೀತಿಯ ನೆರಳಿನಲ್ಲಿ. ಅಲ್ಲಿನ ಎಷ್ಟೋ ಮನೆತನಗಳಿಗೆ ಊರಿನ ಹಿಂದೊಂದು ಪೇಟೆ, ಪೇಟೆಯ ಹಿಂದೊಂದು ಹಳ್ಳಿ.

ಮನೆತನದ ಮೂಲವನ್ನು ಹುಡುಕುವವರಿಗೆ ಮೊದಲ ಆಸರೆ ಕ್ರಯಪತ್ರ. ಅದರಲ್ಲಿ ಕೊಂಡವರು, ಮಾರಿದವರು, ‘ಬಿನ್’ ಎಂಬ ಎರಡಕ್ಷರದ ಮುಂದೆ ಅವರ ತಂದೆಯ ಹೆಸರು ಎಲ್ಲವೂ ಇರುತ್ತವೆ. ಅದಕ್ಕಿಂತ ಸ್ವಾರಸ್ಯವಾದದ್ದು ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ನಿವೇಶನ, ಉತ್ತರಕ್ಕೆ ಗಲ್ಲಿ, ದಕ್ಷಿಣಕ್ಕೆ ರಸ್ತೆ ಎಂದು ಎಲ್ಲೆಗಳನ್ನು ಹೇಳುವಾಗ ಬರಹಗಾರನು ತನಗರಿವಿಲ್ಲದೆಯೇ ನೆರೆಹೊರೆಯವರನ್ನೂ ದಾಖಲು ಮಾಡಿಬಿಡುತ್ತಾನೆ. ಅಕ್ಕಪಕ್ಕದ ನಾಲ್ಕು ಪತ್ರಗಳನ್ನು ಜೋಡಿಸಿದರೆ ಕಾಲದಲ್ಲಿ ಕರಗಿಹೋದ ಬೀದಿ ಮತ್ತೆ ಎದ್ದು ನಿಲ್ಲುತ್ತದೆ. ಕಂದಾಯದ ರಸೀತಿ, ಖಾತೆಯ ನಕಲುಗಳೂ ಉಪಯೋಗಕ್ಕೆ ಬರುವುದುಂಟು. ಆದರೆ ಅವು ಬಡಪಾಯಿಗಳು, ಹಣದ ಮಾತಲ್ಲದೆ ಬೇರೆ ಆಡುವುದಿಲ್ಲ.

ಇಷ್ಟೆಲ್ಲ ಹುಡುಕಿದರೂ ಮನೆಯ ಅರ್ಧಭಾಗ ಕತ್ತಲೆಯಲ್ಲಿಯೇ ಉಳಿಯುತ್ತದೆ. ಹೆಂಗಸರು ಪತ್ರಗಳಲ್ಲಿ ಕಾಣುವುದು ಅಪರೂಪ. ಕಂಡರೂ ಇಂಥವರ ‘ಕೋಂ’ ಎಂದಷ್ಟೆ. ಅವರ ತವರು ಯಾವುದೆಂದು ಕೇಳುವವರಾರು? ತರ್ಪಣದ ವೇಳೆಯಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳುವ ಮನೆಗಳಲ್ಲಿ ಮೂರು ತಲೆಮಾರಿನ ನೆನಪಾದರೂ ಉಳಿದೀತು. ಅದರಾಚೆಗೆ ಪುರೋಹಿತರೂ ಮೌನ.

ಆಗ ನೆರವಿಗೆ ಬರುವುದು ಅಟ್ಟ. ಮದುವೆಯಲ್ಲಿ ಬಂದ ಹಿತ್ತಾಳೆಯ ಕೊಳಗ, ತಾಮ್ರದ ಹಂಡೆಗಳ ಕಂಠದ ಮೇಲೆ ಹೆಸರು ಕೊರೆಸುವುದು ನಮ್ಮಲ್ಲಿ ವಾಡಿಕೆಯಾಗಿತ್ತು. ಕೊಟ್ಟವರ ಹೆಸರು, ಪಡೆದವಳ ಹೆಸರು, ಕೆಲವೊಮ್ಮೆ ತಾರೀಖು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಸವೆದ ಅಕ್ಷರವೂ ಬೆಳಗುತ್ತದೆ. ಯಾವ ಕಚೇರಿಯೂ ಬರೆದಿಡದ ಒಬ್ಬ ಮುತ್ತಜ್ಜಿ ಹೀಗೆ ಹಂಡೆಯ ಮೇಲೆ ಸಿಕ್ಕಿದರೆ ಸಿಕ್ಕಿಯಾಳು.

ಹಳೆಯ ಮನೆ ಕೆಡವಿ ಮಹಡಿಗಳನ್ನೇರಿಸುವ ಈ ಕಾಲದಲ್ಲಿ ಅಟ್ಟ ಬರಿದಾಗುವುದೇ ಮೊದಲು. ಪಾತ್ರೆಯಂಗಡಿಯವನು ತಕ್ಕಡಿ ತರುತ್ತಾನೆ. ತಾಮ್ರಕ್ಕೊಂದು ದರ, ಹಿತ್ತಾಳೆಗೊಂದು ದರ. ಕೊರೆದ ಹೆಸರನ್ನು ಕಾಗದದ ಮೇಲೆ ಇಳಿಸಿಕೊಳ್ಳಲು ಐದು ನಿಮಿಷ ಸಾಕು. ಆದರೆ ಅಷ್ಟರಲ್ಲಿ ಹಂಡೆ ಗಾಡಿಯನ್ನೇರಿರುತ್ತದೆ.