ಒಂದು ಕ್ಯಾಚ್, 3 ಯಾರ್ಡ್: ಓಹಾಯೋ ಸ್ಟೇಟ್ ರಿಸೀವರ್‌ಗಳಲ್ಲಿ ಯಾವ ಗುಂಪು ಮೇಲು?

ಇವತ್ತು ಕ್ರಿಕೆಟ್ ಇಲ್ಲ, ಕಬಡ್ಡಿನೂ ಇಲ್ಲ. ಅಮೆರಿಕದ ಕೊಲಂಬಸ್‌ನಲ್ಲಿ ಎಂಎಸ್ ಮಾಡ್ತಿರೋ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳ್ಸಿದ್ರು. ಅವರ ಊರಿನ ಕಾಲೇಜ್ ಟೀಮ್ ಓಹಾಯೋ ಸ್ಟೇಟ್. ಅಲ್ಲಿ ನಡೀತಿದ್ದ ದೊಡ್ಡ ಜಗಳ ಇದು: 2024ರ ರಿಸೀವರ್‌ಗಳು ದೊಡ್ಡವರಾ, 2021ರವರು ದೊಡ್ಡವರಾ? ಎರಡು ವಾರ ಹಳೇ ಸ್ಕೋರ್‌ಕಾರ್ಡ್‌ಗಳನ್ನ ತೆರೆದು ಕೂತಿದ್ದೆ. ಉತ್ತರ ಸಿಕ್ಕಿದೆ. ಆದ್ರೆ ಅದು ನಾನು ಹುಡುಕಿದ ಕಡೆ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದೇ ನಿಮಿಷ. ಅಮೆರಿಕನ್ ಫುಟ್ಬಾಲ್‌ನಲ್ಲಿ ಪ್ರತಿ ಕಡೆ 11 ಜನ, ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ಮುಂದೆ ಹೋಗ್ಬೇಕು. ಚೆಂಡು ಎಸೆಯೋನು ಕ್ವಾರ್ಟರ್‌ಬ್ಯಾಕ್. ಓಡಿ ಹೋಗಿ ಅದನ್ನ ಹಿಡಿಯೋನು ರಿಸೀವರ್. ಹಿಡಿದುಕೊಂಡು ಕೊನೆ ಗೆರೆ ದಾಟಿದ್ರೆ ಟಚ್‌ಡೌನ್, 6 ಪಾಯಿಂಟ್. ಇಷ್ಟು ಸಾಕು.

ಬಿಕಾಂ ಓದಿದ ನಂಗೆ ಮೊದಲು ಬೇಕಾಗೋದು ಲೆಡ್ಜರ್. 2021ರ ಮೂವರು: ಜಾಕ್ಸನ್ ಸ್ಮಿತ್-ಎನ್‌ಜಿಗ್ಬಾ 1,606 ಯಾರ್ಡ್, ಗ್ಯಾರೆಟ್ ವಿಲ್ಸನ್ 1,058, ಕ್ರಿಸ್ ಒಲಾವೆ 936. ಒಟ್ಟು 3,600 ಯಾರ್ಡ್, 34 ಟಚ್‌ಡೌನ್. 2024ರ ಮೂವರು: ಜೆರೆಮೈಯಾ ಸ್ಮಿತ್ 1,315, ಎಮೆಕಾ ಎಗ್ಬುಕಾ 1,011, ಕಾರ್ನೆಲ್ ಟೇಟ್ 733. ಒಟ್ಟು 3,059 ಯಾರ್ಡ್, 29 ಟಚ್‌ಡೌನ್.

ನೋಡಿದ್ರೆ ಅಂತರ ಅಷ್ಟೇನೂ ದೊಡ್ಡದಲ್ಲ ಅನ್ಸುತ್ತೆ, ಅಲ್ವಾ? ಈಗ ಭಾಗಿಸಿ. 2021ರಲ್ಲಿ ಟೀಮ್ ಆಡಿದ್ದು 13 ಪಂದ್ಯ. 2024ರಲ್ಲಿ ಪ್ಲೇಆಫ್ 12 ಟೀಮ್‌ಗೆ ವಿಸ್ತರಣೆ ಆಯ್ತು, ಹಾಗಾಗಿ 16 ಪಂದ್ಯ. ಪಂದ್ಯಕ್ಕೆ ಹಂಚಿದ್ರೆ 2021ರವರದ್ದು 277 ಯಾರ್ಡ್, 2024ರವರದ್ದು 191. ಇದು ಸಣ್ಣ ವ್ಯತ್ಯಾಸ ಅಲ್ಲ, ಹಗಲು-ರಾತ್ರಿ.

ಹಾಗಾದ್ರೆ 2021ರವರೇ ಗೆದ್ರು, ಸಂಚಿಕೆ ಮುಗೀತು ಅನ್ಬಹುದಿತ್ತು. ಆದ್ರೆ ಆ ಟೀಮ್ ಎರಡು ಪಂದ್ಯ ಸೋತು ಪ್ಲೇಆಫ್‌ಗೇ ಹೋಗಲಿಲ್ಲ. 2024ರದ್ದು ರಾಷ್ಟ್ರೀಯ ಚಾಂಪಿಯನ್. ನಮ್ಮ ಹುಡುಗರಿಗೆ ಈ ನೋವು ಹೊಸದಲ್ಲ ಬಿಡಿ. 2016ರಲ್ಲಿ ಕೊಹ್ಲಿ 973 ರನ್ ಹೊಡೆದ್ರೂ ಕಪ್ ಬರಲಿಲ್ಲ. 2025ರಲ್ಲಿ 657, ಕಪ್ ಬಂತು.

ಯಾಕೆ ಹೀಗೆ? ಒಂದು ಕಾರಣ ಸುಲಭ. 2024ರ ಟೀಮ್‌ಗೆ ಎಸೆಯೋ ಅಗತ್ಯ ಕಡಿಮೆ ಇತ್ತು. ಟ್ರೆವಿಯನ್ ಹೆಂಡರ್ಸನ್, ಕ್ವಿನ್ಶಾನ್ ಜಡ್ಕಿನ್ಸ್ ಇಬ್ಬರೂ ಚೆಂಡು ಹಿಡ್ಕೊಂಡು ಓಡಿಯೇ ತಲಾ ಸಾವಿರ ಯಾರ್ಡ್ ದಾಟಿದ್ರು. ಡಿಫೆನ್ಸ್ ಪಂದ್ಯಕ್ಕೆ ಸರಾಸರಿ 12.9 ಪಾಯಿಂಟ್ ಮಾತ್ರ ಬಿಟ್ಟುಕೊಟ್ಟಿತ್ತು, ಇಡೀ ದೇಶಕ್ಕೇ ಅದು ಕನಿಷ್ಠ. 2021ರಲ್ಲಿ ಉಲ್ಟಾ. ಮಿಷಿಗನ್ ವಿರುದ್ಧದ ಆ ಹಿಮದ ಪಂದ್ಯ ನೋಡಿ. ಮೂವರು ರಿಸೀವರ್‌ಗಳೂ ಸೇರಿ 300ಕ್ಕೂ ಹೆಚ್ಚು ಯಾರ್ಡ್ ತಂದ್ರು. ಆ ಕಡೆ ಹಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ ಓಡಿದ. 42-27, ಸೋಲು. ರಿಸೀವರ್ ಏನ್ ಮಾಡ್ತಾನೆ ಪಾಪ, ಅವನು ಡಿಫೆನ್ಸ್‌ಗೆ ಬರೋದೇ ಇಲ್ವಲ್ಲ! ಅಂದ್ರೆ ಯಾರ್ಡ್ ಲೆಕ್ಕದಲ್ಲಿ ಟೀಮಿನ ಪರಿಸ್ಥಿತಿನೂ ಸೇರ್ಕೊಂಡಿರುತ್ತೆ. ಹಿಂದೆ ಬಿದ್ದ ಟೀಮ್ ಎಸೀತಾನೇ ಇರುತ್ತೆ, ಯಾರ್ಡ್ ಬೆಳೀತಾನೇ ಇರುತ್ತೆ.

ಹಾಗಾಗಿ ನಾನು ಒಟ್ಟು ಮೊತ್ತ ಬಿಟ್ಟು ಬೇರೆ ಪ್ರಶ್ನೆ ಇಟ್ಕೊಂಡೆ: ಗುಂಪಿನ ದೊಡ್ಡ ಆಟಗಾರನನ್ನ ಎದುರಾಳಿ ಕಟ್ಟಿಹಾಕಿದ ದಿನ ಏನಾಯ್ತು?

ಇದರ ಹಿಂದಿನ ಗಣಿತ ಚೆಂದ ಇದೆ. ಸಾಮಾನ್ಯವಾಗಿ ಡಿಫೆನ್ಸ್ ನಾಲ್ಕು ಜನರನ್ನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುತ್ತೆ. ಉಳಿಯೋದು ಏಳು. ಪಾಸ್ ಹಿಡಿಯೋಕೆ ಹೆಚ್ಚೆಂದ್ರೆ ಐದು ಜನ ಹೋಗ್ತಾರೆ. ಅಂದ್ರೆ ಕಾವಲಿಗೆ ಎರಡು ಜನ ಮಾತ್ರ ಹೆಚ್ಚುವರಿ. ಅವರಲ್ಲಿ ಒಬ್ಬನನ್ನ ಸ್ಟಾರ್ ಕಡೆ ತಳ್ಳಿದ್ರೆ ಬೇರೆ ಕಡೆ ಸಹಾಯಕ್ಕೆ ಒಬ್ಬನೇ. ಇಬ್ಬರನ್ನೂ ತಳ್ಳಿದ್ರೆ ಯಾರೂ ಇಲ್ಲ. ಆ ಖಾಲಿ ಜಾಗ ತುಂಬೋ ಎರಡನೇ, ಮೂರನೇ ರಿಸೀವರ್ ಇದ್ದಾನಾ? ಗುಂಪಿನ ಬೆಲೆ ಗೊತ್ತಾಗೋದು ಅಲ್ಲಿ.

2025ರ ಜನವರಿ 1, ರೋಸ್ ಬೌಲ್, ಆರೆಗಾನ್ ವಿರುದ್ಧ. ಹತ್ತೊಂಬತ್ತರ ಹುಡುಗ ಸ್ಮಿತ್ 187 ಯಾರ್ಡ್, ಎರಡು ಟಚ್‌ಡೌನ್. ಒಂಬತ್ತು ದಿನ ಆದ್ಮೇಲೆ ಸೆಮಿಫೈನಲ್, ಎದುರಿಗೆ ಟೆಕ್ಸಾಸ್. ಅವರು ಆ ವಿಡಿಯೋ ನೋಡದೇ ಇರ್ತಾರಾ? ರಾತ್ರಿಯಿಡೀ ಸ್ಮಿತ್ ಕಡೆ ಎಕ್ಸ್‌ಟ್ರಾ ಕಾವಲು. ಪಂದ್ಯ ಮುಗಿದಾಗ ಅವನ ಲೆಕ್ಕ: ಒಂದು ಕ್ಯಾಚ್, 3 ಯಾರ್ಡ್. ಆದ್ರೆ ಆ ಕಡೆ ಮೂರನೇ ನಂಬರ್ ಟೇಟ್ 7 ಕ್ಯಾಚ್, 87 ಯಾರ್ಡ್. ಓಹಾಯೋ ಸ್ಟೇಟ್ 28-14ರಿಂದ ಗೆಲ್ತು. ಕೊನೆಗೆ ಜ್ಯಾಕ್ ಸಾಯರ್ ಚೆಂಡು ಕಸಿದು 83 ಯಾರ್ಡ್ ಓಡಿದ್ದು ಎಲ್ರಿಗೂ ನೆನಪಿದೆ. ನಂಗೆ ಆ ಪಂದ್ಯದಲ್ಲಿ ಇಷ್ಟ ಆಗೋದು ಟೇಟ್.

ಫೈನಲ್‌ನಲ್ಲಿ ನೋಟ್ರ ಡೇಮ್. 31-23, ಮೂರು ನಿಮಿಷಕ್ಕೂ ಕಡಿಮೆ ಸಮಯ, ಮೂರನೇ ಪ್ರಯತ್ನ, ಬೇಕಾಗಿರೋದು 11 ಯಾರ್ಡ್. ಆ ಒಂದು ಸಲ ಸ್ಮಿತ್ ಎದುರು ಒಬ್ಬನೇ ಕಾವಲುಗಾರ. ವಿಲ್ ಹೊವಾರ್ಡ್ ಎತ್ತಿ ಎಸೆದ, 56 ಯಾರ್ಡ್. ಆಟ ಅಲ್ಲಿಗೆ ಮುಗೀತು.

ಇದೇ ಪರೀಕ್ಷೆಯನ್ನ ಹಿಂದಿನವರಿಗೂ ಕೊಡೋಣ. 2007ರ ಜನವರಿ, ಫ್ಲಾರಿಡಾ ವಿರುದ್ಧ ಚಾಂಪಿಯನ್‌ಶಿಪ್ ಪಂದ್ಯ. ಓಹಾಯೋ ಸ್ಟೇಟ್ ಒಂದೂ ಸೋಲದೆ ಬಂದಿತ್ತು. ಟೆಡ್ ಗಿನ್ ಜೂನಿಯರ್ ಮೊದಲ ಕಿಕ್ ಹಿಡಿದು ನೇರ ಟಚ್‌ಡೌನ್‌ಗೇ ಓಡಿದ. ಜೊತೆಗಾರರು ಸಂಭ್ರಮದಲ್ಲಿ ಮೇಲೆ ಬಿದ್ರು, ಕಾಲಿಗೆ ಪೆಟ್ಟು, ಅವನ ಪಂದ್ಯ ಅಲ್ಲಿಗೇ ಬಂದ್. ಹೈಸ್ಮನ್ ಪ್ರಶಸ್ತಿ ಗೆದ್ದಿದ್ದ ಟ್ರಾಯ್ ಸ್ಮಿತ್ ಆ ರಾತ್ರಿ ಪೂರ್ತಿ ಮಾಡಿದ್ದು ಬರೀ 4 ಪಾಸ್, 35 ಯಾರ್ಡ್. 41-14. ನಿಜ, ತಪ್ಪೆಲ್ಲಾ ರಿಸೀವರ್‌ಗಳದ್ದಲ್ಲ. ಮುಂದಿನ ಸಾಲು ಕುಸಿದು ಕ್ವಾರ್ಟರ್‌ಬ್ಯಾಕ್ ಐದು ಸಲ ನೆಲಕ್ಕೆ ಬಿದ್ದಿದ್ದ. ಆದ್ರೂ ಗಿನ್ ಇಲ್ಲ ಅಂದ ಮೇಲೆ ಫ್ಲಾರಿಡಾಗೆ ದೂರದ ಪಾಸ್ ಭಯ ಹೊರಟುಹೋಯ್ತು. ಇನ್ನೊಬ್ಬ ದೊಡ್ಡ ರಿಸೀವರ್ ಆಂಟನಿ ಗೊನ್ಜಾಲೆಸ್ ಒಬ್ಬರಿಂದ ಅದನ್ನ ತುಂಬೋಕೆ ಆಗಲಿಲ್ಲ. (ಅವರು ಆಮೇಲೆ ಅಮೆರಿಕದ ಸಂಸತ್ತಿಗೇ ಹೋದ್ರು, ಅದು ಬೇರೆ ಕಥೆ.) ಆ ಟೀಮ್‌ನಲ್ಲಿ ಬ್ರಯಾನ್ ಹಾರ್ಟ್‌ಲೈನ್ ಅನ್ನೋ ಎಳೆಯ ರಿಸೀವರ್ ಕೂಡ ಇದ್ದ. ಆಮೇಲೆ ಇದೇ ಕಾಲೇಜಲ್ಲಿ 2025ರ ತನಕ ರಿಸೀವರ್‌ಗಳನ್ನ ತಯಾರು ಮಾಡಿದ್ದು ಅದೇ ಹಾರ್ಟ್‌ಲೈನ್.

ಅವರು ತಯಾರು ಮಾಡಿದ 2021ರವರು ಪಾಸಾ? ಭರ್ಜರಿ ಪಾಸು. ಕೊನೆಯ ಪಂದ್ಯ ರೋಸ್ ಬೌಲ್‌ಗೆ ವಿಲ್ಸನ್, ಒಲಾವೆ ಇಬ್ಬರೂ ಬರಲಿಲ್ಲ. ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುಂಚೆ ಗಾಯ ಬೇಡ ಅಂತ. ಸ್ಮಿತ್-ಎನ್‌ಜಿಗ್ಬಾ 347 ಯಾರ್ಡ್ ತಂದ, ಅದು ಬೌಲ್ ಪಂದ್ಯಗಳ ದಾಖಲೆ. ಅಲ್ಲೀತನಕ ಬೆಂಚಲ್ಲಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಮೂರು ಟಚ್‌ಡೌನ್. ಯೂಟಾ ವಿರುದ್ಧ 48-45, ಗೆಲುವು. ಆ ನಾಲ್ವರೂ ಆಮೇಲೆ ಡ್ರಾಫ್ಟ್‌ನ ಮೊದಲ ಸುತ್ತಲ್ಲೇ ಹೋದ್ರು.

ಹಾಗಾಗಿ ನನ್ನ ತೀರ್ಪು: ರಿಸೀವರ್‌ಗಳ ಗುಂಪಾಗಿ 2021 ಮೇಲು. ಒಬ್ಬನೇ ಆಟಗಾರ ಅಂದ್ರೆ ಜೆರೆಮೈಯಾ ಸ್ಮಿತ್ ಎಲ್ರಿಗಿಂತ ಮೇಲು. 2024ರವರಿಗೆ ಟ್ರೋಫಿ ಸಿಕ್ಕಿದ್ದು ಅವರ ಸುತ್ತ ಉಳಿದ ಟೀಮ್ ಗಟ್ಟಿ ಇದ್ದಿದ್ದಕ್ಕೆ. ಇದೇ 2024ರವರು ನವೆಂಬರ್‌ನಲ್ಲಿ ಮಿಷಿಗನ್‌ಗೆ 13-10ರಿಂದ ಸೋತಿದ್ರು, ಮರೀಬೇಡಿ. ಇಂಥ ರಿಸೀವರ್‌ಗಳನ್ನ ಇಟ್ಕೊಂಡು ಅವತ್ತು ಮಧ್ಯದಲ್ಲೇ ಮತ್ತೆ ಮತ್ತೆ ಓಡಿ, ಓಟದಲ್ಲಿ ಸಿಕ್ಕಿದ್ದು 77 ಯಾರ್ಡ್!

ಇನ್ನು 2025ರ ಗುಂಪು. ಇಲ್ಲಿ ನಂಗೆ ಅನುಮಾನ ಇತ್ತು. ಎಗ್ಬುಕಾ ಟ್ಯಾಂಪಾ ಬೇಗೆ ಹೋದ, ಡ್ರಾಫ್ಟ್‌ನಲ್ಲಿ 19ನೇ ಆಯ್ಕೆ. ಹೊವಾರ್ಡ್ ಕೂಡ ಹೋದ, ಆ ವರ್ಷ ಚೆಂಡು ಎಸೆದಿದ್ದು ಜೂಲಿಯನ್ ಸೇಯಿನ್. ಮೂರನೇ ನಂಬರ್‌ನಲ್ಲಿದ್ದ ಟೇಟ್ ಎರಡನೇ ನಂಬರ್‌ಗೆ ಬಂದ. ಅಂದ್ರೆ ಅವನಿಗೂ ಒಳ್ಳೇ ಕಾವಲುಗಾರನೇ ಸಿಗೋ ಹಾಗಾಯ್ತು. ಟೇಟ್ ಬಿಟ್ಟುಹೋದ ಜಾಗಕ್ಕೆ ಬ್ರಾಂಡನ್ ಇನ್ನಿಸ್ ಇದ್ದ, ಪರ್ಡ್ಯೂದಿಂದ ಬಂದ ಟೈಟ್ ಎಂಡ್ ಮ್ಯಾಕ್ಸ್ ಕ್ಲೇರ್ ಇದ್ದ. ಹೆಸರು ಚೆನ್ನಾಗಿತ್ತು, ದೊಡ್ಡ ರಾತ್ರಿ ಇನ್ನೂ ಬಂದಿರಲಿಲ್ಲ.

ಅದು ಬೇಗನೇ ಬಂತು. 2025ರ ಆಗಸ್ಟ್ 30, ಕೊಲಂಬಸ್‌ನಲ್ಲಿ ಸೀಸನ್‌ನ ಮೊದಲ ಪಂದ್ಯ. ಎದುರಾಳಿ ಅದೇ ಟೆಕ್ಸಾಸ್. ಆಗ ನಮ್ಮಲ್ಲಿ ರಾತ್ರಿ 9.30. ಆ ಪಂದ್ಯದ ವಿಡಿಯೋ ನೋಡೋದಾದ್ರೆ ಚೆಂಡಿನ ಹಿಂದೆ ಕಣ್ಣು ಓಡಿಸ್ಬೇಡಿ. ಆಟ ಶುರುವಾಗೋ ಮುಂಚೆ 4ನೇ ನಂಬರ್ ಜೆರ್ಸಿಯ ಸ್ಮಿತ್ ಎಲ್ಲಿ ನಿಂತಿದ್ದಾನೆ ನೋಡಿ, ಅವನ ಹಿಂದೆ ದೂರದಲ್ಲಿ ಎಷ್ಟು ಜನ ಟೆಕ್ಸಾಸ್‌ನವರು ಅಂತ ಎಣಿಸಿ, ಆಮೇಲೆ ಮೈದಾನದ ಇನ್ನೊಂದು ಪಕ್ಕಕ್ಕೆ ನೋಡಿ. ಯಾರು ಖಾಲಿ ಓಡ್ತಿದ್ದಾನೆ, ಅವನಿಗೆ ಚೆಂಡು ಹೋಯ್ತಾ ಇಲ್ವಾ ಅಂತ ವಾಯ್ಸ್ ನೋಟ್ ಕಳ್ಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಹಾಕ್ತೀನಿ.