ಕಾಂಡ್ಲಾ ಕುಡಿಯುವ ಕಡಲು

ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಉಬ್ಬರ ಬಂದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡ ಮುಳುಗಿಹೋಗುತ್ತದೆ. ಅಷ್ಟು ನೀರಿದ್ದರೂ ಹೀರುವುದು ಸುಲಭವಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜೀವಕೋಶದ ಪೊರೆಯ ಮೂಲಕ ನೀರು ಹರಿಯುವುದು ಉಪ್ಪು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ. ಅಲ್ಲೊಂದು ಮಾವಿನ ಸಸಿ ನೆಟ್ಟರೆ ಅದರ ಬೇರಿನಲ್ಲಿದ್ದ ನೀರೂ ಹೊರಹೋಗಿ ಸಸಿ ಒಣಗುತ್ತದೆ.

ಕಾಂಡ್ಲಾಗಳಲ್ಲಿ ಊರುಗೋಲಿನಂಥ ಬೇರು ಬಿಡುವ ರೈಜೋಫೊರಾ, ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆದುಬಿಡುತ್ತದೆ. ಹೀಗೆ ಸೋಸಲು ಕಡಲ ನೀರಿನ ಎಳೆತವನ್ನು ಮೀರಬೇಕು. ಅದು ವಾತಾವರಣದ ಒತ್ತಡದ ಸುಮಾರು 25 ಪಟ್ಟು. ಮರದಲ್ಲಿ ಪಂಪು ಇಲ್ಲವಲ್ಲ, ಅಷ್ಟು ಬಲ ಎಲ್ಲಿಂದ?

ವಿಜ್ಞಾನಿ ಪರ್ ಸ್ಕೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಈ ಬಲವನ್ನು ಅಳೆದು ತೋರಿಸಿದರು. ಕತ್ತರಿಸಿದ ರೆಂಬೆಯನ್ನು ಗಟ್ಟಿ ಲೋಹದ ಡಬ್ಬಿಯೊಳಗಿಟ್ಟು, ಕತ್ತರಿಸಿದ ತುದಿ ಮಾತ್ರ ಹೊರಗಿರುವಂತೆ ಬಿಗಿದು, ಒಳಗೆ ಅನಿಲ ತುಂಬುತ್ತ ಹೋದರು. ತುದಿಯಲ್ಲಿ ರಸ ಜಿನುಗಿದಾಗ ಇದ್ದ ಒತ್ತಡವೇ ರೆಂಬೆಯೊಳಗಿನ ಸೆಳೆತದ ಅಳತೆ. ಕಾಂಡ್ಲಾಗಳಲ್ಲಿ ಅದು ವಾತಾವರಣದ 30 ಪಟ್ಟಿಗೂ ಹೆಚ್ಚು! ಎಲೆಗಳಿಂದ ನೀರು ಆವಿಯಾಗುವಾಗ ಹುಟ್ಟುವ ಸೆಳೆತವಿದು. ಮನೆಯ ಆರ್‌ಒ ಯಂತ್ರ ವಿದ್ಯುತ್ತಿನಿಂದ ಮಾಡುವ ಕೆಲಸವನ್ನು ಈ ಮರ ಬಿಸಿಲಿನಿಂದ ಮಾಡಿಕೊಳ್ಳುತ್ತದೆ.

ಅವಿಸೆನಿಯಾ ಎಂಬ ಇನ್ನೊಂದು ಕಾಂಡ್ಲಾದ ದಾರಿ ಬೇರೆ. ಅದರ ಬೇರೂ ಸೋಸುತ್ತದೆ, ಆದರೆ ತಪ್ಪಿಸಿಕೊಂಡು ಒಳಬಂದ ಉಪ್ಪನ್ನು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳು ಹೊರಹಾಕುತ್ತವೆ. ಒಣಹವೆಯ ಮಧ್ಯಾಹ್ನ ಆ ಎಲೆಯನ್ನು ನಾಲಿಗೆಗೆ ತಾಗಿಸಿ ನೋಡಿ, ಉಪ್ಪುಪ್ಪು. ಉಳಿದ ಉಪ್ಪು ಜೀವಕೋಶದ ರಸಕುಹರದಲ್ಲಿ ಬಂದಿಯಾಗಿರುತ್ತದೆ.

ಇಷ್ಟೆಲ್ಲ ಮಾಡಬಲ್ಲ ಗಿಡಕ್ಕೂ ಮಿತಿಯಿದೆ. ಬರೀ ಕಡಲ ನೀರಿನಲ್ಲಿ ಕಾಂಡ್ಲಾ ಬದುಕುತ್ತದೆ, ಆದರೆ ಕುಗ್ಗುತ್ತದೆ. ನದಿಯ ಸಿಹಿನೀರು ಬೆರೆತಲ್ಲಿ ಹುಲುಸಾಗಿ ಬೆಳೆಯುತ್ತದೆ. ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಆ ಸಿಹಿನೀರು ಅಳಿವೆಗೆ ಬರುತ್ತದೆ; 2024ರಲ್ಲಿ ಈ ಅಳಿವೆ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ಕಡಲಿಗೆ ಸೇರಿ ವ್ಯರ್ಥವಾಗುತ್ತಿದೆ ಎನ್ನುವವರು ಒಮ್ಮೆ ಈ ಅಳಿವೆಗೆ ಬಂದು, ಆ ನೀರನ್ನು ಯಾರು ಕುಡಿಯುತ್ತಿದ್ದಾರೆಂದು ನೋಡಬೇಕು.