ಪ್ರೋಟೀನಿನ ಬೆಲೆ ಎಲ್ಲಿದೆ? ಅಮೈನೋ ಆಮ್ಲಗಳ ಪರಸ್ಪರ ಸಂಪರ್ಕದ ಲೆಕ್ಕಾಚಾರ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಭಾಗದ ವ್ಯಾಪಾರದಲ್ಲಿ ಮೀನು, ಮೀನುಹುಡಿ, ಗೋಡಂಬಿ, ಹಲಸು ಮೊದಲಾದ ಸರಕುಗಳಿಗೆ ಮಹತ್ವದ ಸ್ಥಾನವಿದೆ. ಇವುಗಳಲ್ಲಿರುವ ಪ್ರೋಟೀನನ್ನು ವರ್ತಕರು ಸಾಮಾನ್ಯವಾಗಿ ಶೇಕಡಾವಾರು ಲೆಕ್ಕದಲ್ಲಿಯೇ ಅಳೆಯುತ್ತಾರೆ. ಆದರೆ ಪ್ರೋಟೀನಿನ ಪ್ರಮಾಣ ಒಂದೇ ಆಗಿರುವ ಎರಡು ಚೀಲ ಮೀನುಹುಡಿಗಳಲ್ಲಿ ಒಂದು ಸುಲಭವಾಗಿ ಮಾರಾಟವಾಗಿ, ಇನ್ನೊಂದು ತಿರಸ್ಕೃತವಾಗುವುದುಂಟು. ಇದರ ಕಾರಣವನ್ನು ಅರಿಯಬೇಕಾದರೆ ಪ್ರೋಟೀನಿನ ಒಳರಚನೆಯನ್ನು, ಅದರಲ್ಲಿಯೂ ಅಮೈನೋ ಆಮ್ಲಗಳ ಪರಸ್ಪರ ಸಂಪರ್ಕವನ್ನು ತಿಳಿಯುವುದು ಅಗತ್ಯ.

ಸರಪಣಿ ಮತ್ತು ಮಡಿಕೆ

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಚಿಕ್ಕ ಘಟಕಗಳನ್ನು ಒಂದರ ಹಿಂದೊಂದು ಪೋಣಿಸಿದ ಉದ್ದನೆಯ ಸರಪಣಿ. ಪ್ರಕೃತಿಯು ಮುಖ್ಯವಾಗಿ ಬಳಸುವ ಘಟಕಗಳು 20 ಬಗೆಯವು. ಆದರೆ ಈ ಸರಪಣಿಯು ನೇರವಾಗಿ ಚಾಚಿಕೊಂಡಿರದೆ ತನ್ನಷ್ಟಕ್ಕೆ ಮಡಿಚಿಕೊಂಡು ಒಂದು ನಿರ್ದಿಷ್ಟ ಆಕಾರವನ್ನು ತಾಳುತ್ತದೆ. ಹಾಗೆ ಮಡಿಚಿಕೊಂಡಾಗ ಸರಪಣಿಯಲ್ಲಿ ಬಹುದೂರವಿರುವ ಘಟಕಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತವೆ.

ಕುಂದಾಪುರ ಮತ್ತು ಗಂಗೊಳ್ಳಿಗಳ ನಡುವಣ ದೂರವು ಇದಕ್ಕೆ ಒಳ್ಳೆಯ ಹೋಲಿಕೆಯಾದೀತು. ತಲ್ಲೂರು, ಹೆಮ್ಮಾಡಿಗಳ ಮೂಲಕ ರಸ್ತೆಯಲ್ಲಿ ಹೋಗುವುದಾದರೆ ಅದು 10 ಕಿಲೋಮೀಟರಿಗೂ ಮೀರಿದ ಹಾದಿ. ಅಳಿವೆಯ ಮೇಲಿಂದ ನೋಡಿದರೆ ಎರಡೂ ಊರುಗಳು ಎದುರುಬದುರು. ರಸ್ತೆಯ ದೂರವನ್ನು ಸರಪಣಿಯಲ್ಲಿನ ಕ್ರಮಕ್ಕೂ, ನೀರಿನ ಮೇಲಿನ ನೇರ ದೂರವನ್ನು ಸಂಪರ್ಕಕ್ಕೂ ಹೋಲಿಸಬಹುದು. ಪ್ರೋಟೀನಿನ ಗುಣವನ್ನು ನಿರ್ಧರಿಸುವಲ್ಲಿ ಈ ಎರಡನೆಯದರ ಪಾತ್ರ ಬಹಳ ದೊಡ್ಡದು.

ಸಂಪರ್ಕಗಳಲ್ಲಿಯೂ ಹಲವು ವಿಧಗಳಿವೆ. ನೀರಿನಿಂದ ದೂರ ಸರಿಯುವ ಸ್ವಭಾವದ ಘಟಕಗಳು ಒಳಭಾಗದಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಲೈಸೀನಿನಂತಹ ಧನ ವಿದ್ಯುದಂಶದ ಘಟಕವು ಆಸ್ಪಾರ್ಟಿಕ್ ಆಮ್ಲದಂತಹ ಋಣ ವಿದ್ಯುದಂಶದ ಘಟಕವನ್ನು ಸೆಳೆಯುತ್ತದೆ. ಎರಡು ಸಿಸ್ಟೀನ್‌ಗಳು ಗಂಧಕದ ಮೂಲಕ ಬಲವಾದ ಬೆಸುಗೆಯನ್ನು ಹಾಕಿಕೊಳ್ಳಬಲ್ಲವು. ಇವೆಲ್ಲದರ ನಡುವೆ ಹೈಡ್ರೋಜನ್ ಬಂಧಗಳೂ ಇರುತ್ತವೆ. ಸಂಪರ್ಕಗಳ ಸಂಖ್ಯೆ ದೊಡ್ಡದಾದರೂ, ಮಡಿಚಿದ ಸ್ಥಿತಿಗೂ ಬಿಚ್ಚಿದ ಸ್ಥಿತಿಗೂ ನಡುವಣ ಶಕ್ತಿಯ ವ್ಯತ್ಯಾಸವು ಅತ್ಯಲ್ಪ. ಆದುದರಿಂದಲೇ ತುಸು ಶಾಖ, ತುಸು ಆಮ್ಲ ಅಥವಾ ಉಪ್ಪಿನ ಏರಿಳಿತವೂ ಪ್ರೋಟೀನನ್ನು ಕೆಡಿಸಬಲ್ಲದು.

ಎಣಿಸುವ ಕ್ರಮ

ಪ್ರೋಟೀನನ್ನು ಹರಳುಗಟ್ಟಿಸಿ ಕ್ಷ-ಕಿರಣಗಳನ್ನು ಹಾಯಿಸಿದಾಗ ಅದರ ಪರಮಾಣುಗಳ ಸ್ಥಾನ ತಿಳಿದುಬರುತ್ತದೆ. ಇಂತಹ ರಚನೆಗಳ ಜಾಗತಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಆರಂಭವಾಯಿತು. ಇಂದು ಅದರಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿದ್ದು, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾಗಿದೆ.

ಎರಡು ಘಟಕಗಳ ಪರಮಾಣುಗಳು 4.5 ಆಂಗ್‌ಸ್ಟ್ರಾಮ್‌ನಷ್ಟು ಅಥವಾ ಅದಕ್ಕಿಂತ ಹತ್ತಿರವಿದ್ದರೆ ಅವು ಸಂಪರ್ಕದಲ್ಲಿವೆ ಎಂದು ಪರಿಗಣಿಸುವುದು ರೂಢಿಯಲ್ಲಿರುವ ಒಂದು ಕ್ರಮ. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಒಂದು ಕೋಟಿ ಭಾಗಗಳಲ್ಲಿ ಒಂದು ಭಾಗ. ಬಸ್ಸು ನಿಲ್ದಾಣಗಳಲ್ಲಿ ಊರುಗಳ ಹೆಸರನ್ನು ಅಡ್ಡಲಾಗಿಯೂ ಉದ್ದವಾಗಿಯೂ ಬರೆದು ದೂರವನ್ನು ತುಂಬಿಸುವ ಕೋಷ್ಟಕದಂತೆಯೇ ಇಲ್ಲಿಯೂ ಒಂದು ಕೋಷ್ಟಕ ಸಿದ್ಧವಾಗುತ್ತದೆ. 133 ಘಟಕಗಳ ಸರಪಣಿಯಾದರೆ 8,778 ಜೋಡಿಗಳನ್ನು ಪರಿಶೀಲಿಸಬೇಕು. ಹತ್ತಿರವಿರುವ ಜೋಡಿಗಳಿಗೆ ಮಾತ್ರ ಗುರುತು ಹಾಕಿದರೆ ದೊರೆಯುವುದೇ ಆ ಪ್ರೋಟೀನಿನ ಸಂಪರ್ಕ ನಕ್ಷೆ.

ಹಲಸಿನ ಬೀಜದ ನಿದರ್ಶನ

ಈ ಭಾಗದ ಹಿತ್ತಿಲುಗಳಲ್ಲಿ ಹೇರಳವಾಗಿ ದೊರೆಯುವ ಹಲಸಿನ ಬೀಜದಲ್ಲಿ ಜಕಾಲಿನ್ ಎಂಬ ಪ್ರೋಟೀನಿದೆ. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡವು ನಿರ್ಧರಿಸಿ 1996ರಲ್ಲಿ ಪ್ರಕಟಿಸಿತು. ಜಕಾಲಿನ್ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಹಿಡಿಯುವ ಕುಳಿಯಲ್ಲಿ 1ನೆಯ ಸ್ಥಾನದ ಗ್ಲೈಸೀನ್, 122ನೆಯ ಟೈರೋಸಿನ್, 123ನೆಯ ಟ್ರಿಪ್ಟೋಫ್ಯಾನ್ ಮತ್ತು 125ನೆಯ ಆಸ್ಪಾರ್ಟಿಕ್ ಆಮ್ಲ ಒಟ್ಟುಗೂಡಿವೆ. ಸರಪಣಿಯ ಮೊದಲ ಘಟಕ ಮತ್ತು ಕೊನೆಯ ಭಾಗದ ಘಟಕಗಳು ಒಂದೇ ಕುಳಿಯಲ್ಲಿ ಸೇರಿ ಕೆಲಸ ಮಾಡುತ್ತವೆ ಎಂಬುದು ಗಮನಾರ್ಹ.

ಸಸ್ಯವು ಈ ಪ್ರೋಟೀನನ್ನು ಮೊದಲು ಒಂದೇ ಸರಪಣಿಯಾಗಿ ತಯಾರಿಸಿ, ಬಳಿಕ 20 ಮತ್ತು 133 ಘಟಕಗಳ ಎರಡು ತುಂಡುಗಳಾಗಿ ಕತ್ತರಿಸುತ್ತದೆ. ಆ ಕತ್ತರಿಕೆಯಿಂದ ಗ್ಲೈಸೀನಿನ ತುದಿ ಬಿಡುಗಡೆಯಾಗಿ ಗ್ಯಾಲಕ್ಟೋಸಿಗೆ ಹಿಡಿತ ದೊರೆಯುತ್ತದೆ. ಅದೇ ಬೀಜದಲ್ಲಿರುವ ಆರ್ಟೋಕಾರ್ಪಿನ್ ಎಂಬ ಇನ್ನೊಂದು ಪ್ರೋಟೀನಿನ ಮಡಿಕೆ ಬಹುಮಟ್ಟಿಗೆ ಇದೇ ಬಗೆಯದು. ಆದರೆ ಅದರಲ್ಲಿ ಈ ಕತ್ತರಿಕೆ ಇಲ್ಲ. ಆದುದರಿಂದ ಅದು ಮ್ಯಾನೋಸ್ ಎಂಬ ಬೇರೆ ಸಕ್ಕರೆಯನ್ನು ಹಿಡಿಯುತ್ತದೆ. ಮನುಷ್ಯರ ರಕ್ತದಲ್ಲಿರುವ ಐಜಿಎ-1 ಎಂಬ ಪ್ರತಿಕಾಯವನ್ನು ಬೇರ್ಪಡಿಸಲು ಜಕಾಲಿನ್ ಬಳಕೆಯಾಗುತ್ತಿದ್ದು, ಪ್ರಯೋಗಾಲಯ ಸಾಮಗ್ರಿಗಳ ಮಾರುಕಟ್ಟೆಯಲ್ಲಿ ಅದು ಮಾರಾಟವಾಗುವ ಸರಕಾಗಿದೆ. ಆ ಬೆಲೆಯು ಬೀಜದ ತೂಕಕ್ಕಲ್ಲ, ಕುಳಿಯೊಳಗಿನ ನಾಲ್ಕಾರು ಸಂಪರ್ಕಗಳಿಗೆ ಸಲ್ಲುವ ಬೆಲೆ.

ಬೆಂಗಳೂರಿನ ಕೊಡುಗೆ

ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಎಷ್ಟು ಹತ್ತಿರ ಬರಲಾರವು ಎಂಬ ಲೆಕ್ಕದಿಂದಲೇ ಸರಪಣಿಯ ಸಾಧ್ಯ ತಿರುವುಗಳನ್ನು ಜಿ. ಎನ್. ರಾಮಚಂದ್ರನ್ ಅವರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಮದ್ರಾಸಿನಲ್ಲಿ ನಿರೂಪಿಸಿದರು. ರಾಮಚಂದ್ರನ್ ನಕ್ಷೆಯೆಂದು ಪ್ರಸಿದ್ಧವಾದ ಅದನ್ನು ಇಂದಿಗೂ ಪ್ರತಿ ಹೊಸ ರಚನೆಯ ಪರಿಶೀಲನೆಗೆ ಬಳಸಲಾಗುತ್ತಿದೆ. ಮುಂದೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು.

ಅದೇ ವಿಭಾಗದ ಸರಸ್ವತಿ ವಿಶ್ವೇಶ್ವರ ಅವರು ತಮ್ಮ ಸಹಸಂಶೋಧಕರೊಡನೆ ಸಂಪರ್ಕಗಳನ್ನು ಬಲೆಯ ರೂಪದಲ್ಲಿ ವಿಶ್ಲೇಷಿಸುವ ಗಣಿತ ವಿಧಾನವನ್ನು 1999ರಿಂದೀಚೆಗೆ ಬೆಳೆಸಿದರು. ಇದರಲ್ಲಿ ಪ್ರತಿ ಘಟಕವೂ ಬಲೆಯ ಒಂದು ಗಂಟು, ಪ್ರತಿ ಸಂಪರ್ಕವೂ ಒಂದು ಎಳೆ. ಹಲವು ಎಳೆಗಳು ಕೂಡುವ ಗಂಟು ಕಿತ್ತುಹೋದರೆ ಬಲೆಗೆ ಹೆಚ್ಚಿನ ಹಾನಿ ಎಂಬುದನ್ನು ಮೀನುಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಪ್ರೋಟೀನಿನಲ್ಲಿಯೂ ಹಾಗೆಯೇ. ಬಿಸಿನೀರಿನ ಬುಗ್ಗೆಗಳಂತಹ ತಾಣಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಪ್ರೋಟೀನುಗಳಲ್ಲಿ ಉಂಗುರಾಕಾರದ ಘಟಕಗಳ ಹೆಚ್ಚುವರಿ ಗುಂಪುಗಳು ಕಂಡುಬರುತ್ತವೆಂದು 2000ದಲ್ಲಿ ಅವರು ತೋರಿಸಿದರು. ಹಿಟ್ಟಿನಂಶವನ್ನು ಕರಗಿಸುವ ಮತ್ತು ಬಟ್ಟೆ ತೊಳೆಯುವ ಪುಡಿಗಳಲ್ಲಿ ಸೇರುವ ಕಿಣ್ವಗಳು ಶಾಖವನ್ನು ತಡೆದುಕೊಳ್ಳುವಂತೆ ಮಾಡಲು ಇಂತಹ ತಿಳಿವಳಿಕೆಯೇ ಆಧಾರ.

ಮೀನು, ಮಂಜುಗಡ್ಡೆ ಮತ್ತು ಸುರಿಮಿ

ಮೀನಿನ ಮಾಂಸದ ಮುಖ್ಯ ಪ್ರೋಟೀನಾದ ಮಯೋಸಿನ್ ಶಾಖಕ್ಕೆ ಬಲು ಬೇಗ ಬಗ್ಗುವಂಥದು. ಘನೀಕರಿಸುವಾಗ ನೀರು ಮಂಜುಗಡ್ಡೆಯಾಗಿ ಬೇರ್ಪಟ್ಟು, ಉಳಿದ ದ್ರವದಲ್ಲಿ ಲವಣದ ಸಾಂದ್ರತೆ ಏರುತ್ತದೆ. ಆಗ ಮಯೋಸಿನ್ ಸರಪಣಿಯ ಸ್ವಂತ ಸಂಪರ್ಕಗಳು ಸಡಿಲಗೊಂಡು, ನೆರೆಯ ಸರಪಣಿಗಳೊಡನೆ ಅನಗತ್ಯ ಸಂಪರ್ಕಗಳು ಏರ್ಪಡುತ್ತವೆ. ಕರಗಿಸಿದಾಗ ನೀರು ಸೋರಿ ಮಾಂಸ ನಾರುನಾರಾಗುವುದು ಇದರಿಂದಲೇ. ಶೈತ್ಯಾಗಾರದ ಉಷ್ಣತೆಯು ಪದೇಪದೇ ಏರಿಳಿದರೆ ಹಾನಿ ಇನ್ನೂ ಹೆಚ್ಚು.

1960ರ ಸುಮಾರಿಗೆ ಜಪಾನಿನ ಹೊಕ್ಕೈದೋದಲ್ಲಿ ಇದಕ್ಕೆ ಒಂದು ಉಪಾಯ ದೊರೆಯಿತು. ತೊಳೆದ ಮೀನಿನ ಕೊಚ್ಚಿಗೆ ಸಕ್ಕರೆಯಂತಹ ಪದಾರ್ಥಗಳನ್ನು ಬೆರೆಸಿ ಘನೀಕರಿಸಿದರೆ ಪ್ರೋಟೀನ್ ಉಳಿಯುತ್ತದೆ. ಸಕ್ಕರೆಯು ಪ್ರೋಟೀನಿನ ಮೇಲ್ಮೈಯಿಂದ ದೂರ ಉಳಿದು ಅಲ್ಲಿ ನೀರಿಗೆ ಎಡೆಮಾಡಿಕೊಡುತ್ತದೆ. ಅಂತಹ ಸನ್ನಿವೇಶದಲ್ಲಿ ಸರಪಣಿ ಬಿಚ್ಚಿಕೊಳ್ಳುವುದು ಕಷ್ಟವಾಗುತ್ತದೆ. ಸುರಿಮಿ ಉದ್ಯಮದ ಬುನಾದಿ ಇದೇ. ಬಳಿಕ ಅದನ್ನು ಉಪ್ಪಿನೊಡನೆ ಅರೆದು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿದಾಗ ಮೀನಿನಲ್ಲಿಯೇ ಇರುವ ಕಿಣ್ವವೊಂದು ಗ್ಲುಟಮೀನ್ ಮತ್ತು ಲೈಸೀನ್ ಘಟಕಗಳನ್ನು ಬೆಸೆಯುತ್ತದೆ. ಮುಂದೆ ಬೇಯಿಸಿದಾಗ ಸ್ಥಿತಿಸ್ಥಾಪಕ ಗುಣ ಬರುತ್ತದೆ. ಸುರಿಮಿಯ ಬೆಲೆ ನಿಂತಿರುವುದು ಈ ಗುಣದ ಮೇಲೆ. ಬಲೆಯಿಂದ ಬಂದ ಮೀನಿಗೆ ಮಂಜುಗಡ್ಡೆ ಹಾಕಲು ತಡವಾದರೆ ಆ ನಷ್ಟವನ್ನು ಕಾರ್ಖಾನೆಯ ಯಾವ ಯಂತ್ರವೂ ತುಂಬಿಕೊಡಲಾರದು.

ಶೇಕಡಾವಾರು ಹೇಳದ ಸಂಗತಿ

ಮೀನುಹುಡಿಯ ಪ್ರಮಾಣಪತ್ರದಲ್ಲಿ ಕಾಣುವ ಕಚ್ಚಾ ಪ್ರೋಟೀನಿನ ಅಂಕಿಯು ವಾಸ್ತವವಾಗಿ ಸಾರಜನಕದ ಪ್ರಮಾಣವನ್ನು 6.25ರಿಂದ ಗುಣಿಸಿದ ಲೆಕ್ಕ. ಸಾರಜನಕ ಎಲ್ಲಿಂದ ಬಂತೆಂದು ಅದು ತಿಳಿಸದು. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರೆಸಿ ವಂಚಿಸಲು ಸಾಧ್ಯವಾದುದು ಇದೇ ದೌರ್ಬಲ್ಯದಿಂದ. ಪ್ರೋಟೀನಿನ ಘಟಕಗಳು ಹೇಗೆ ಬೆಸೆದುಕೊಂಡಿವೆ ಎಂಬುದನ್ನೂ ಅದು ತಿಳಿಸದು.

ಹದವಾದ ಶಾಖವು ಸರಪಣಿಯನ್ನು ಬಿಚ್ಚಿ ಜೀರ್ಣಕ್ಕೆ ಅನುಕೂಲ ಮಾಡುತ್ತದೆ. ಒಣಗಿಸುವ ಯಂತ್ರದಲ್ಲಿ ಶಾಖ ಮಿತಿಮೀರಿದರೆ ಗಂಧಕದ ಬೆಸುಗೆಗಳು ಹೊಸದಾಗಿ ಏರ್ಪಡುತ್ತವೆ. ಲೈಸೀನ್ ಅನ್ಯ ಅಣುಗಳೊಡನೆ ಕೂಡಿ ನಿರುಪಯುಕ್ತವಾಗುತ್ತದೆ. ಸಾರಜನಕದ ಅಂಕಿ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ, ಆದರೆ ಸಿಗಡಿಗೂ ಕೋಳಿಗೂ ಅದು ಪೂರ್ತಿಯಾಗಿ ದಕ್ಕುವುದಿಲ್ಲ. ಪೆಪ್ಸಿನ್ ಜೀರ್ಣೀಯತೆಯ ಪರೀಕ್ಷೆಯನ್ನು ಖರೀದಿದಾರರು ಕೇಳುವುದು ಈ ಕಾರಣದಿಂದ.

ಕಂಪ್ಯೂಟರಿನ ಮೂಲಕ ಪ್ರೋಟೀನಿನ ರಚನೆಯನ್ನು ಮುನ್ಸೂಚಿಸುವ ಮತ್ತು ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸುವ ಸಾಧನೆಗಾಗಿ ಡೇವಿಡ್ ಬೇಕರ್, ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಈ ಮುನ್ಸೂಚನೆಗಳ ಭಂಡಾರವೂ ಉಚಿತವಾಗಿ ತೆರೆದಿದೆ. ಆದರೂ ಸರಕಿನ ಪರೀಕ್ಷೆಗೆ ಅದು ಬದಲಿಯಲ್ಲ. ಮೀನನ್ನು ಕೂಡಲೇ ತಂಪಾಗಿಸುವುದು, ಶೈತ್ಯಾಗಾರದ ಉಷ್ಣತೆಯನ್ನು ಏರಿಳಿತವಿಲ್ಲದೆ ಕಾಯುವುದು, ಒಣಗಿಸುವ ಶಾಖವನ್ನು ದಾಖಲಿಸುವುದು, ಶೇಕಡಾವಾರು ಅಂಕಿಯೊಡನೆ ಜೀರ್ಣೀಯತೆಯ ಅಂಕಿಯನ್ನೂ ಕೇಳಿ ಪಡೆಯುವುದು ಇವಿಷ್ಟನ್ನು ಸಣ್ಣ ಉದ್ಯಮಿಯೂ ಕೈಗೊಳ್ಳಬಹುದು. ತಾಂತ್ರಿಕ ಸಲಹೆ ಬೇಕಾದವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು ಮತ್ತು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರಾಜ್ಯದಲ್ಲಿಯೇ ಇವೆ.